ಮಗ್ಗದ ಕುಣಿಯಲ್ಲಿ ಚಾಕಲೇಟ್ ಉಂಡಿ

ಚಾಕಲೇಟ್ ಟ್ರಫಲ್ ಮಾಡುವುದನ್ನು ಕಲಿಯಬೇಕೆಂದು ನನ್ನ ಹತ್ತಿರ ಬರುವ ಹುಡುಗಿಯರು ಮೊದಲು ಕೇಳುವುದು ಯಾವ ಕಂಪನಿಯ ಚಾಕಲೇಟ್ ತರಬೇಕು ಎಂದು. ನಾನು ಅವರನ್ನು ಕೇಳುವುದು ಬೇರೆ. ಬೇಸಿಗೆಯ ಮಧ್ಯಾಹ್ನ ನಿಮ್ಮ ಮನೆಯ ಬೆಕ್ಕು ಎಲ್ಲಿ ಮಲಗುತ್ತದೆ? ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಮುದುಕಿಗೆ ಅರಳು ಮರಳು ಎಂದುಕೊಳ್ಳುತ್ತಾರೇನೋ. ಆದರೆ ಗದಗ ಸೀಮೆಯಲ್ಲಿ ಈ ಕೆಲಸ ಶುರುವಾಗಬೇಕಾದದ್ದು ಒಲೆಯ ಮುಂದಲ್ಲ, ಮನೆಯಲ್ಲಿ ತಂಪು ಜಾಗ ಎಲ್ಲಿದೆ ಎಂದು ಹುಡುಕುವಲ್ಲಿ. ಅದು ಬೆಕ್ಕಿಗೆ ಗೊತ್ತಿದ್ದಷ್ಟು ನಮಗೆ ಗೊತ್ತಿರುವುದಿಲ್ಲ.

ನಮ್ಮ ಮನೆಯ ಬೆಕ್ಕು ಮಲಗುತ್ತಿದ್ದದ್ದು ಮಗ್ಗದ ಕುಣಿಯಲ್ಲಿ. ಬೆಟಗೇರಿಯ ನೇಕಾರರ ಹಳೆಯ ಮನೆಗಳನ್ನು ನೋಡದವರಿಗೆ ಹೇಳುತ್ತೇನೆ. ಮಗ್ಗದ ಕೋಣೆಯ ನೆಲದಲ್ಲಿ ಸೊಂಟದಾಳದ ಒಂದು ಕುಣಿ ಇರುತ್ತದೆ. ನೇಯುವವನು ಕುಣಿಯ ಅಂಚಿನ ಮೇಲೆ ಕುಳಿತು ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಮೇಲೆ ಲಾಳಿ ಎಸೆಯುತ್ತಾನೆ. ನೂಲು ಒಣಗಿದರೆ ಎಳೆ ಹರಿಯುತ್ತದೆ. ಅದಕ್ಕೇ ಮಗ್ಗವನ್ನು ನೆಲಕ್ಕೆ ಹತ್ತಿರ ಹೂಡಿ, ದಿನಾ ಬೆಳಿಗ್ಗೆ ಕುಣಿಗೆ ನೀರು ಚಿಮುಕಿಸಿ ಕೋಣೆಯನ್ನು ತಂಪಾಗಿ ಇಟ್ಟುಕೊಳ್ಳುವ ಪದ್ಧತಿ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನಿದ್ದೆಯಿಂದ ಎಬ್ಬಿಸುತ್ತಿದ್ದದ್ದೂ ಮಗ್ಗದ ಸದ್ದು, ಮಧ್ಯಾಹ್ನ ನಿದ್ದೆಗೆ ಜೋಗುಳ ಹಾಡುತ್ತಿದ್ದದ್ದೂ ಅದೇ ಸದ್ದು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತ ಸುತ್ತುತ್ತ ಅಲ್ಲೇ ಗೋಡೆಗೊರಗಿ ತೂಕಡಿಸುತ್ತಿದ್ದೆ. ನಮ್ಮ ಮನೆಯವರು ನೇಯುವುದನ್ನು ನಿಲ್ಲಿಸದೆಯೇ ನಗುತ್ತಿದ್ದರು. ಗಂಡನ ಹೆಸರು ಹೇಳಬಾರದೆಂಬ ಶಾಸ್ತ್ರ ನನಗೇನಿಲ್ಲ, ಅವರ ಹೆಸರು ಈಶ್ವರಪ್ಪ.

ಆಮೇಲೆ ಎಲ್ಲರ ಮನೆಯಲ್ಲಿ ಆದದ್ದೇ ನಮ್ಮಲ್ಲೂ ಆಯಿತು. ನೂಲು ಕೊಡುತ್ತಿದ್ದವರು ಕೈಮಗ್ಗದ ಸೀರೆ ಇನ್ನು ಬೇಡ ಎಂದರು. ಮಗ್ಗದ ಕಟ್ಟಿಗೆಯನ್ನು ಬಿಚ್ಚಿ ಗಾಡಿಗೆ ಹಾಕಿಸಿದ ದಿನ ನಮ್ಮ ಮನೆಯವರು ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದರು.

"ಇನ್ನ ಆ ಖೋಲಿಯೊಳಗ ನಾ ಕಾಲಿಡೂದಿಲ್ಲ" ಎಂದರು. "ನಿನಗ ಏನ ಬೇಕೋ ಇಟ್ಟಕೋ. ಜ್ವಾಳದ ಚೀಲಾ ಇಟ್ಟಕೋ, ಕುಳ್ಳ ಇಟ್ಟಕೋ."

ಗದಗಿನ ಜವಳಿ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಕತ್ತರಿಸುವ ಕೆಲಸಕ್ಕೆ ಸೇರಿಕೊಂಡರು. ನೇಯ್ದ ಕೈಗೆ ಕತ್ತರಿ ಕೊಟ್ಟಂತಾಯಿತು. ಮನೆಯಲ್ಲಿ ಮಾತು ಕಡಿಮೆಯಾಯಿತು. ಮನೆಯಲ್ಲಿದ್ದಾಗ ಆ ಬಾಗಿಲ ಮುಂದೆಯೇ ಓಡಾಡುತ್ತಿದ್ದರು, ತಲೆ ಮಾತ್ರ ಆ ಕಡೆ ತಿರುಗುತ್ತಿರಲಿಲ್ಲ. ಓಣಿಯ ಬಹಳ ಮಂದಿ ಕುಣಿಗೆ ಮಣ್ಣು ತುಂಬಿಸಿ ಟೈಲ್ಸ್ ಹಾಕಿಸಿದರು. ನಾನು ಹಾಕಿಸಲಿಲ್ಲ. ಅವರು ಒಂದು ದಿನ ಮತ್ತೆ ಆ ಕೋಣೆಯೊಳಗೆ ಬಂದು ಕುಣಿಯಲ್ಲಿ ಕಾಲಿಟ್ಟು ಕುಳಿತುಕೊಳ್ಳಬೇಕು ಎನ್ನುವುದು ನನ್ನ ಆಸೆಯಾಗಿತ್ತು. ನನ್ನ ದುಡಿಮೆಯ ವರ್ಷಗಳ ಉದ್ದಕ್ಕೂ ಒಳಗೊಳಗೆ ಇದ್ದದ್ದು ಅದೊಂದೇ ಆಸೆ.

ಚಾಕಲೇಟಿಗೆ ನನ್ನನ್ನು ಎಳೆದವಳು ಬಿಬಿಜಾನಕ್ಕ. ನಮ್ಮ ಓಣಿ ಮುಗಿಯುವಲ್ಲಿ ಅವಳ ಗಂಡನ ಬೇಕರಿ ಇತ್ತು, ಆದರೆ ಬೇಕರಿ ನಡೆಸುತ್ತಿದ್ದವಳು ಅವಳೇ. ಅವಳ ತಂಗಿಯನ್ನು ಊಟಿಗೆ ಕೊಟ್ಟಿದ್ದರು. ಅಲ್ಲಿ ಮನೆಮನೆಯಲ್ಲೂ ಚಾಕಲೇಟ್ ಮಾಡುತ್ತಾರಂತೆ. ತಂಗಿಯ ಮನೆಗೆ ಹೋಗಿ ಬಂದವಳು ಒಂದು ಡಬ್ಬಿ ತುಂಬ ಟ್ರಫಲ್ ತಂದಿದ್ದಳು. ಹುಣಸೆಹಣ್ಣಿನ ಉಂಡೆಯ ಹಾಗೆ ಕಾಣುವ ಅದನ್ನು ನನ್ನ ಕೈಯಲ್ಲಿಟ್ಟು, "ಕಡೀಬ್ಯಾಡ, ನಾಲಿಗಿ ಮ್ಯಾಲೆ ಇಟ್ಟು ಸುಮ್ಮನ ಕುಂಡ್ರು" ಎಂದಳು. ಕುಳಿತೆ. ಮೊದಲು ಕಹಿ ಪುಡಿ, ಆಮೇಲೆ ತೆಳ್ಳನೆಯ ಒಂದು ಪದರು, ಅದರೊಳಗಿಂದ ಮೆತ್ತಗೆ ಏನೋ ಬಿಚ್ಚಿಕೊಂಡಿತು. ಕಣ್ಣು ಮುಚ್ಚಿದ್ದೆ. ಎಲ್ಲೋ ದೂರದಲ್ಲಿ ಮಗ್ಗದ ಸದ್ದು ಕೇಳಿದ ಹಾಗಾಯಿತು. ಕಣ್ಣು ಬಿಟ್ಟಾಗ ಬಿಬಿಜಾನಕ್ಕ ನನ್ನನ್ನೇ ನೋಡುತ್ತಿದ್ದಳು.

"ನಾಳಿಯಿಂದ ಬಾ" ಎಂದಳು. ನನ್ನ ನೇಮಕಾತಿ ಆದದ್ದು ಹೀಗೆ.

ಕೆಲಸ ಹೇಳಲು ಸುಲಭ. ಕೆನೆಯನ್ನು ಕುದಿ ಬರುವ ತನಕ ಕಾಯಿಸಬೇಕು, ಸಣ್ಣಗೆ ಹೆಚ್ಚಿದ ಚಾಕಲೇಟಿನ ಮೇಲೆ ಸುರಿಯಬೇಕು, ಸ್ವಲ್ಪ ಹೊತ್ತು ಮುಟ್ಟದೆ ಬಿಡಬೇಕು, ಆಮೇಲೆ ನಡುವಿನಿಂದ ಶುರುಮಾಡಿ ಮೆಲ್ಲಗೆ ತಿರುವಬೇಕು. ಆರಿ ಗಟ್ಟಿಯಾದ ಮೇಲೆ ಚಮಚದಿಂದ ತೆಗೆದು ಉಂಡೆ ಕಟ್ಟಿ, ಕರಗಿಸಿದ ಚಾಕಲೇಟಿನ ತೆಳು ಲೇಪ ಕೊಟ್ಟು, ಕೋಕೋ ಪುಡಿಯಲ್ಲಿ ಹೊರಳಿಸಬೇಕು. ಅಷ್ಟೇ. ಆ 'ಆರಿ ಗಟ್ಟಿಯಾದ ಮೇಲೆ' ಎನ್ನುವ ಮಾತು ಊಟಿಯಲ್ಲಿ ನಡೆಯುತ್ತದೆ. ನಮ್ಮಲ್ಲಿ ಮೊದಲ ಸಲ ಮಾಡಿದ್ದು ಹೋಳಿಗೆಗೆ ಹಚ್ಚಿಕೊಂಡು ತಿನ್ನುವ ಹದದಲ್ಲೇ ನಿಂತುಬಿಟ್ಟಿತು.

"ಅವರು ಸ್ವೆಟರ್ ಹಾಕ್ಕೊಂಡು ಮಾಡೂದನ್ನ ನಾವು ಬೀಸಣಕಿ ಹಿಡಕೊಂಡು ಮಾಡಾಕ ಹೊಂಟೀವಿ" ಎಂದು ಬಿಬಿಜಾನಕ್ಕ ತಲೆಗೆ ಕೈ ಹಚ್ಚಿ ಕುಳಿತಳು. ಬೇಕರಿಯ ಭಟ್ಟಿಯ ಪಕ್ಕದಲ್ಲಿ ಕುಳಿತು ಚಾಕಲೇಟ್ ಗಟ್ಟಿಯಾಗಲಿ ಎಂದು ಕಾಯುವುದಕ್ಕಿಂತ ಹುಚ್ಚುತನ ಇನ್ನೊಂದಿಲ್ಲ. ಆ ಮಧ್ಯಾಹ್ನ ಮನೆಗೆ ಬಂದು ಮಲಗಿದವಳಿಗೆ ಬೆಕ್ಕು ಕುಣಿಗೆ ಇಳಿಯುವುದು ಕಾಣಿಸಿತು. ಮರುದಿನ ಬೇಕರಿಯಿಂದ ಚಾಕಲೇಟಿನ ತಾಟನ್ನು ಎತ್ತಿಕೊಂಡು ಬಂದು, ಬೆಕ್ಕನ್ನು ಎಬ್ಬಿಸಿ ಕಳಿಸಿ, ಕುಣಿಯಲ್ಲಿ ಅಡ್ಡ ಹಲಗೆ ಹಾಕಿ ಇಟ್ಟೆ. ಸಂಜೆಗೆ ಬೆರಳಿಟ್ಟರೆ ಬೆರಳು ಅಂಟಲಿಲ್ಲ.

ಹೀಗೆ ನನ್ನ ಕೆಲಸ ಬೇಕರಿಯಿಂದ ಮನೆಗೆ ಬಂತು. ಪಕ್ಕದ ಮನೆಯಲ್ಲೂ ಒಂದು ಖಾಲಿ ಕುಣಿ ಉಳಿದಿತ್ತು. ಕೆಲಸ ಹೆಚ್ಚಾದಾಗ ಅಲ್ಲಿ ಇಟ್ಟು ನೋಡಿದೆ, ಉಂಡೆಗಳು ಚಪ್ಪಟೆಯಾದವು. ಅವರ ಕುಣಿ ಒಣಕಲು, ಬಿಸಿ. ನಮ್ಮ ಕುಣಿಯ ಗೋಡೆಗೆ ಕೈ ಇಟ್ಟರೆ ಮಾತ್ರ ಮಣ್ಣು ತಣ್ಣಗೆ ಹತ್ತುತ್ತಿತ್ತು. ನಮ್ಮ ನೆಲವೇ ಅಂಥದ್ದು, ಹಿರಿಯರು ನೋಡಿ ಆರಿಸಿದ ಜಾಗ ಎಂದು ಕಂಡಕಂಡವರ ಮುಂದೆ ಬಡಾಯಿ ಕೊಚ್ಚಿಕೊಂಡಿದ್ದೇನೆ.

ಆ ಕೋಣೆಯಲ್ಲಿ ಕಳೆದ ಬೆಳಗುಗಳು ಈಗಲೂ ನನ್ನ ಕನಸಿಗೆ ಬರುತ್ತವೆ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲು ಬೆಳಕು ಇಳಿದು ಎದುರು ಗೋಡೆಯ ಮೇಲೆ ಬೀಳುತ್ತಿತ್ತು. ಹೊತ್ತೇರಿದ ಹಾಗೆ ಅದು ಗೋಡೆಯಿಂದ ನೆಲಕ್ಕೆ, ನೆಲದಿಂದ ಕುಣಿಯ ಕಡೆಗೆ ಸರಿಯುತ್ತಿತ್ತು. ನಾನು ಗಡಿಯಾರ ನೋಡಿದವಳಲ್ಲ. ಬೆಳಕು ಕುಣಿಯ ಅಂಚಿಗೆ ಬಂತೆಂದರೆ ಉಂಡೆ ಕಟ್ಟುವುದನ್ನು ನಿಲ್ಲಿಸಬೇಕು, ಆಮೇಲೆ ಕಟ್ಟಿದ್ದು ಕೈಯಲ್ಲೇ ಸೋರುತ್ತದೆ. ಅಷ್ಟರೊಳಗೆ ಕೋಣೆಯ ತುಂಬ ಕೋಕೋ ವಾಸನೆ. ಅದರ ಅಡಿಯಲ್ಲಿ ನೂಲಿಗೆ ಹಚ್ಚುತ್ತಿದ್ದ ಹಳೆಯ ಗಂಜಿಯ ವಾಸನೆ, ನೂಲಿನ ವಾಸನೆ. ಗೋಡೆಯ ಸಂದಿಯಲ್ಲಿ ಕೆಂಪು ನೂಲಿನ ಒಂದು ತುಣುಕು ಹಾಗೇ ಇತ್ತು. ಅದನ್ನು ನಾನು ಕೀಳಲಿಲ್ಲ.

ಹೊಸಬರಿಗೆ ಎರಡು ಮಾತು ಹೇಳಬೇಕು. ನಾನು ಪೇಟೆಯ ಕೆನೆ ಕೊಳ್ಳಲಿಲ್ಲ. ಕುರ್ತಕೋಟಿಯಿಂದ ಹಾಲು ತರುವವನ ಹತ್ತಿರ ಎಮ್ಮೆ ಹಾಲಿನ ಕೆನೆ ತೆಗೆದುಕೊಳ್ಳುತ್ತಿದ್ದೆ. ಅದರಲ್ಲಿ ಜಿಡ್ಡು ಬಹಳ. ಚಾಕಲೇಟಿನೊಂದಿಗೆ ಜಗಳಾಡಿ ಎಣ್ಣೆ ಬಿಡುತ್ತದೆ. ಹಾಗಾದಾಗ ಗಾಬರಿಯಾಗಬೇಡಿ, ಚಮಚ ಬಿಸಿ ಹಾಲು ಹಾಕಿ ಮೆಲ್ಲಗೆ ತಿರುವಿದರೆ ಮತ್ತೆ ಒಂದಾಗುತ್ತದೆ. ಇನ್ನು ಲೇಪದ ಹದ. ಈಗ ಹುಡುಗಿಯರು ಕಡ್ಡಿಯಂಥ ಥರ್ಮಾಮೀಟರ್ ಅದ್ದಿ ನೋಡುತ್ತಾರೆ. ನಾವು ಒಂದು ಹನಿಯನ್ನು ಕೆಳದುಟಿಗೆ ಹಚ್ಚಿಕೊಂಡು ನೋಡುತ್ತಿದ್ದೆವು. ತುಟಿಗೆ ತುಸು ತಣ್ಣಗೆನಿಸಬೇಕು. ಥರ್ಮಾಮೀಟರ್ ಒಳ್ಳೆಯದೇ, ಬೈಯುವುದಿಲ್ಲ. ಆದರೆ ಅದು ಒಡೆದ ದಿನ ತುಟಿ ನೆನಪಿರಲಿ.

ಟ್ರಫಲ್ ಎನ್ನುವ ಹೆಸರು ನಮ್ಮ ಗಿರಾಕಿಗಳ ಬಾಯಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಎಲ್ಲರಿಗೂ ಅದು ಚಾಕಲೇಟ್ ಉಂಡಿ. ಹಿರೇಹಂದಿಗೋಳದಲ್ಲಿ ಒಂದು ಮಗುವಿನ ಹೆಸರಿಡುವ ಮನೆಗೆ ಕೊಟ್ಟು ಬಂದೆ. ಆ ಮನೆಯ ಅಜ್ಜಿ ಒಂದನ್ನು ಬಿಸಿ ರೊಟ್ಟಿಯ ಮೇಲಿಟ್ಟು, ತುಪ್ಪ ಬಿಟ್ಟು, ಸುರುಳಿ ಸುತ್ತಿ ತಿಂದಳು. ನನ್ನ ಮುಖ ನೋಡಿ, "ಯಾಕವಾ, ಹಿಂಗ ತಿನ್ನಬಾರದೇನು?" ಎಂದಳು. ಮನೆಗೆ ಬಂದು ನಾನೂ ಹಾಗೇ ತಿಂದು ನೋಡಿದೆ. ತಿನ್ನಬಹುದು.

ಶಿರಹಟ್ಟಿಗೆ ಬಸ್ಸಿನಲ್ಲಿ ಒಯ್ಯುವುದೇ ಒಂದು ವಿದ್ಯೆ. ಕಿಟಕಿ ಪಕ್ಕ ಕೂರಬಾರದು, ಇಂಜಿನ್ ಹತ್ತಿರ ಕೂರಬಾರದು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲೇಬಾರದು. ತೊಡೆ ಒಂದು ಒಲೆ. ಜೋಳದ ಹಿಟ್ಟಿನ ಚೀಲದ ನಡುವೆ ಡಬ್ಬಿ ಹೂತು ಒಯ್ಯುತ್ತಿದ್ದೆ. ಹಿಟ್ಟು ಬಿಸಿಯನ್ನು ಒಳಗೆ ಬಿಡುವುದಿಲ್ಲ. ಲಕ್ಷ್ಮೇಶ್ವರದ ಒಬ್ಬ ಮೇಷ್ಟ್ರ ಹೆಂಡತಿ ಉಂಡಿಯ ಜೊತೆ ಹಿಟ್ಟನ್ನೂ ತೂಕಕ್ಕೆ ಹಾಕಿ ಕೊಂಡುಬಿಡುತ್ತಿದ್ದಳು, ಹೊರೆ ಹೊತ್ತು ತಿರುಗಿ ಹೋಗಬೇಡ ಎಂದು.

ಇನ್ನು ಆ ಚುಕ್ಕೆಗಳ ಕಥೆ. ಕೆಲಸ ಸಣ್ಣದಿದ್ದಾಗ ಉಂಡೆಗಳ ತಾಟಿನ ಮೇಲೆ ಹಿಟ್ಟು ನಾದುವ ದೊಡ್ಡ ಪರಾತವನ್ನು ಬೋರಲು ಹಾಕಿ ಕುಣಿಯಲ್ಲಿ ಇಡುತ್ತಿದ್ದೆ. ಹಬ್ಬ, ಮದುವೆ ಎಂದು ಕೇಳುವವರು ಹೆಚ್ಚಾದ ಮೇಲೆ ತಾಟುಗಳೂ ಹೆಚ್ಚಾದವು. ಅಷ್ಟು ಪರಾತ ಎಲ್ಲಿಂದ ತರಲಿ? ತೆಳು ಬಟ್ಟೆ ಹೊದಿಸತೊಡಗಿದೆ. ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ನೋಡಿದರೆ ಕೋಕೋ ಪುಡಿಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ, ಮುಟ್ಟಿದರೆ ಅಂಟಂಟು. ಎರಡು ದಿನಕ್ಕೆ ಬೂಷ್ಟು.

ಬಿಬಿಜಾನಕ್ಕನಿಗೆ ಒಂದು ಅಭ್ಯಾಸವಿತ್ತು. ಯಾರನ್ನಾದರೂ ಬೈಯುವ ಮೊದಲು ಚಹಾ ಕುಡಿಸುತ್ತಿದ್ದಳು. ಚಹಾ ಬಂತೆಂದರೆ ಬೇಕರಿಯ ಹುಡುಗರು ಹಿಂಬಾಗಿಲು ನೋಡುತ್ತಿದ್ದರು. ಅವತ್ತು ನನಗೆ ಚಹಾ ಬಂತು.

"ಕುಡಿ" ಎಂದಳು. ಕುಡಿದೆ. "ಖರೆ ಹೇಳು ಕಮಲವ್ವ. ಹಸೀ ಕೈಲೆ ಕಟ್ಟಾಕತ್ತೀಯೇನು?"

"ಇಲ್ಲಕ್ಕಾ. ಒಣಾ ಅರಬಿಲೆ ಒರಿಸಿಕೊಂಡ ಕಟ್ತೀನಿ."

"ಮತ್ತ ನೀರು ಆಕಾಶದಿಂದ ಬಿತ್ತೇನು? ಇನ್ನೊಂದ ಸಲ ಹಿಂಗಾದ್ರ ಈ ಕೆಲಸಾ ನಿನ್ನ ಕಡೆಯಿಂದ ತಗೋತೀನಿ. ನನಗ ಗಿರಾಕಿ ಮುಖ್ಯ."

ಮಾಳಿಗೆ ಸೋರುತ್ತದೇನೋ ಎಂದು ನೋಡಿದೆ, ಮಳೆಯೇ ಇರಲಿಲ್ಲ. ಬೆಕ್ಕಿನ ಮೇಲೆ ಅನುಮಾನಪಟ್ಟೆ, ಪಾಪ. ಕೊನೆಗೆ ಒಂದು ಮುಂಜಾನೆ, ಇನ್ನೂ ಮಸುಕು ಬೆಳಕು, ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ನಮ್ಮ ಮನೆಯವರು ಮೊದಲಿನಿಂದಲೂ ನನಗಿಂತ ಮುಂಚೆ ಏಳುವವರು, ಅದರಲ್ಲಿ ವಿಶೇಷವಿಲ್ಲ. ನೀರು ಕುಡಿಯಲು ಎದ್ದು ಬಂದವಳಿಗೆ ಮಗ್ಗದ ಕೋಣೆಯ ಬಾಗಿಲು ತೆರೆದಿರುವುದು ಕಾಣಿಸಿತು.

ಅವರು ಕುಣಿಯ ಪಕ್ಕದಲ್ಲಿ ಬಗ್ಗಿ ನಿಂತಿದ್ದರು. ಎಡಗೈಯಲ್ಲಿ ತಂಬಿಗೆ. ಬಲಗೈ ಅದ್ದಿ ಕುಣಿಯ ನಾಲ್ಕೂ ಗೋಡೆಗೆ ನೀರು ಚಿಮುಕಿಸುತ್ತಿದ್ದರು. ಮಗ್ಗ ಇದ್ದಾಗ ಹೇಗೆ ಚಿಮುಕಿಸುತ್ತಿದ್ದರೋ ಹಾಗೆಯೇ, ಮೊದಲು ಮೂಡಣ ಗೋಡೆ, ಆಮೇಲೆ ಬಲಕ್ಕೆ. ತಾಟುಗಳ ಮೇಲೆ ಹನಿ ಬೀಳುತ್ತಿದೆ ಎನ್ನುವುದು ಆ ಮಸುಕಿನಲ್ಲಿ ಅವರಿಗೆ ಕಾಣುತ್ತಿರಲಿಲ್ಲ. ಮುಗಿದ ಮೇಲೆ ಕುಣಿಯ ಅಂಚನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು.

ಸದ್ದು ಮಾಡದೆ ಬಂದು ಹಾಸಿಗೆಯಲ್ಲಿ ಮಲಗಿಕೊಂಡೆ. ಕಾಲಿಡುವುದಿಲ್ಲ ಎಂದ ಮನುಷ್ಯ ಮಗ್ಗ ಹೋದ ಮರುದಿನದಿಂದಲೂ ಹೀಗೆ ಕಾಲಿಡುತ್ತ ಬಂದಿರಬೇಕು. ಪರಾತ ಮುಚ್ಚಿದ್ದಷ್ಟು ದಿನ ನನಗೆ ತಿಳಿಯಲಿಲ್ಲ, ಅಷ್ಟೇ. ನಳಕ್ಕೆ ನೀರು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ನಮ್ಮ ಊರಿನಲ್ಲಿ, ದಿನಾ ಒಂದು ತಂಬಿಗೆ ನೀರು ಖಾಲಿ ಕುಣಿಗೆ. ಆಗ ಇನ್ನೊಂದು ಹೊಳೆಯಿತು. ಪಕ್ಕದ ಮನೆಯ ಕುಣಿ ಯಾಕೆ ಬಿಸಿ, ನಮ್ಮದು ಯಾಕೆ ತಂಪು? ನೆಲವೂ ಅಲ್ಲ, ಹಿರಿಯರ ಜಾಣತನವೂ ಅಲ್ಲ. ನಾನು ಬದುಕು ಕಟ್ಟಿಕೊಂಡಿದ್ದ ತಂಪು ಅವರು ಚಿಮುಕಿಸಿದ ನೀರಿನದು. ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ನೀರು ಹಾಕಬೇಡಿ ಎಂದು ಹೇಗೆ ಹೇಳಲಿ? ಹೇಳಿದರೆ ನಾನು ನೋಡಿದ್ದು ಗೊತ್ತಾಗುತ್ತದೆ. ಗೊತ್ತಾದರೆ ಅವರು ಆ ಒಂದು ಗಳಿಗೆಯನ್ನೂ ಬಿಟ್ಟುಬಿಡುತ್ತಾರೆ, ಮಾನದ ಮನುಷ್ಯ. ಹೇಳದಿದ್ದರೆ ಬಿಬಿಜಾನಕ್ಕ ಕೆಲಸ ಕಿತ್ತುಕೊಳ್ಳುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಬುದ್ಧಿ ಹೊಳೆಯಿತು. ಪಾತ್ರೆ ಅಂಗಡಿಗೆ ಹೋಗಿ ಬಿಗಿ ಮುಚ್ಚಳದ ಅಗಲವಾದ ಸ್ಟೀಲ್ ಡಬ್ಬಿಗಳನ್ನು ಹೊತ್ತು ತಂದೆ. ಸಂಜೆ ನಮ್ಮ ಮನೆಯವರು ನೋಡಿ, "ಇಷ್ಟ ಡಬ್ಬಿ ಯಾಕ?" ಎಂದರು.

"ಇರುವಿ ಆಗ್ಯಾವ್ರಿ" ಎಂದೆ.

ಚುಕ್ಕೆ ನಿಂತವು. ಬಿಬಿಜಾನಕ್ಕ ಚಹಾ ಕೊಡುವುದನ್ನು ಬಿಟ್ಟಳು. ಮುಂದೆ ಮನೆಗೆ ಫ್ರಿಜ್ ಬಂತು. ಎಲ್ಲರೂ ಅದರಲ್ಲಿ ಇಡು ಎಂದರು. ಇಟ್ಟು ನೋಡಿದೆ. ಹೊರಗೆ ತೆಗೆದ ಕೂಡಲೇ ಉಂಡೆ ಬೆವರುತ್ತದೆ, ಉಳ್ಳಾಗಡ್ಡಿಯ ವಾಸನೆ ಬೇರೆ. ಕುಣಿಯನ್ನೇ ನಂಬಿಕೊಂಡೆ. ಬಿಬಿಜಾನಕ್ಕ ವಯಸ್ಸಾಗಿ ಬೇಕರಿಯನ್ನು ಮಕ್ಕಳಿಗೆ ಬಿಟ್ಟಮೇಲೆ ಗಿರಾಕಿಗಳು ನೇರವಾಗಿ ನನಗೇ ಫೋನ್ ಮಾಡತೊಡಗಿದರು. ಮುಂಜಾನೆಯ ಆ ನೀರಿನ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡೇ ಎಚ್ಚರವಿರುತ್ತಿದ್ದೆ. ಚಟ್, ಚಟ್ ಎಂದು ಡಬ್ಬಿಯ ಮೇಲೆ ಹನಿ ಬೀಳುವ ಸದ್ದು. ಮತ್ತೆ ನಿದ್ದೆ ಬರುತ್ತಿತ್ತು. ಅಷ್ಟು ಸುಖದ ನಿದ್ದೆ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ. ಆದರೂ ಅವರು ನನ್ನ ಕಣ್ಣೆದುರು ಬಂದು ಆ ಕುಣಿಯಲ್ಲಿ ಕೂರಲಿ ಎನ್ನುವ ಆಸೆ ಹಾಗೇ ಉಳಿದಿತ್ತು.

ಐವತ್ತು ದಾಟಿದ ಮೇಲೆ ನನ್ನ ಕೈ ಕೆಟ್ಟಿತು. ಹೆಂಗಸರಿಗೆ ಆ ವಯಸ್ಸಿನಲ್ಲಿ ಮೈಯೆಲ್ಲ ಸುಮ್ಮಸುಮ್ಮನೆ ಕಾವೇರುತ್ತದೆ, ಗೊತ್ತಿರುವವರಿಗೆ ಗೊತ್ತು. ನನ್ನ ಅಂಗೈ ಹಂಚಿನ ಹಾಗೆ ಕಾಯತೊಡಗಿತು. ಮುಂಡರಗಿಯ ಅಡತಿ ವ್ಯಾಪಾರಿಯ ಮನೆಯಲ್ಲಿ ನಿಶ್ಚಯ, ಅದೂ ಕಡು ಬೇಸಿಗೆಯಲ್ಲಿ. ಹುಡುಗಿಯ ತಾಯಿ ಫೋನಿನಲ್ಲಿ, "ಅಕ್ಕಾರ, ಬೀಗರ ಕೈಯಾಗ ಕೊಡೂವು ಅದಾವ್ರಿ. ನಿಮ್ಮನ್ನ ನಂಬೇವಿ" ಎಂದಿದ್ದಳು.

ಒಯ್ಯುವ ದಿನ ಬೆಳಕು ಹರಿಯುವ ಮುಂಚೆಯೇ ಎದ್ದು ಕುಣಿಯ ಅಂಚಿನಲ್ಲಿ ಕುಳಿತೆ. ಉಂಡೆ ಕಟ್ಟಿದರೆ ಬೆರಳ ಸಂದಿಯಿಂದ ಇಳಿಯುತ್ತದೆ. ಕೈಯನ್ನು ತಣ್ಣೀರಲ್ಲಿ ಅದ್ದಿ, ಒರೆಸಿ, ಮತ್ತೆ ಕಟ್ಟಿದೆ. ಮತ್ತೆ ಇಳಿಯಿತು. ಇಷ್ಟು ವರ್ಷ ತಂಪಾಗಿದ್ದ ಕೈ ಇವತ್ತೇ ಹೀಗೆ ಮಾಡಬೇಕೇ ಎಂದು ಸಿಟ್ಟು ಬಂತು. ಕೈಯೆಲ್ಲ ಕಂದು ಮಾಡಿಕೊಂಡು ಕುಳಿತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ತಂಬಿಗೆ ಹಿಡಿದು ನಮ್ಮ ಮನೆಯವರು ನಿಂತಿದ್ದರು. ಅವರ ಹೊತ್ತಿಗೆ ಅವರು ಬಂದಿದ್ದರು. ನಾನು ಅಲ್ಲಿರುವುದು ಅವರಿಗೆ ಗೊತ್ತಿರಲಿಲ್ಲ.

ಅವರ ಕಣ್ಣು ಕಂದಾದ ನನ್ನ ಕೈಯ ಮೇಲೆ ಬಿತ್ತು.

"ಯಾಕ, ಕಟ್ಟಾಕ ಬರವಲ್ದೇನು?" ಎಂದರು.

"ನನ್ನ ಕೈ ಸುಡಾಕತ್ತೈತ್ರಿ. ಎಲ್ಲಾ ಕರಗಾಕತ್ತಾವು. ಮುಂಡರಗಿಗೆ ಇವತ್ತ ಮುಟ್ಟಬೇಕು."

ಅವರು ಒಳಗೆ ಬಂದು ನನ್ನ ಅಂಗೈ ಮುಟ್ಟಿ ನೋಡಿದರು. ಅವರ ಕೈ ತಣ್ಣಗಿತ್ತು. ನೇಕಾರರ ಕೈ ಹಾಗೇ, ಒಣಗಿ, ನುಣ್ಣಗೆ, ತಣ್ಣಗೆ ಇರುತ್ತದೆ.

"ಕೈ ತೊಳಕೊಂಡ ಬರ್ಲೇನು?" ಎಂದರು.

"ಬರ್ರಿ. ಆದ್ರ ಪೂರಾ ಒರಿಸಿಕೊಂಡ ಬರ್ರಿ. ನೀರು ಇದಕ್ಕ ಆಗೂದಿಲ್ಲ."

ಅವರು ಕೈಯಲ್ಲಿದ್ದ ತಂಬಿಗೆ ನೋಡಿಕೊಂಡರು. ಆಮೇಲೆ ಮುಚ್ಚಳ ಬಿಗಿದ ಡಬ್ಬಿಗಳನ್ನು ನೋಡಿದರು.

"ಅಂದ್ರ ಇರುವಿ ಇರಲಿಲ್ಲ."

"ಇರಲಿಲ್ರಿ."

"ಅವಾಗಿಂದ ಗೊತ್ತೈತಿ ನಿನಗ."

"ಹೂಂ."

ತಂಬಿಗೆಯನ್ನು ಗೋಡೆಯ ಪಕ್ಕಕ್ಕೆ ಇಟ್ಟು ಹೋಗಿ, ಕೈ ತೊಳೆದು, ಪಂಚೆಯ ಅಂಚಿನಿಂದ ಬೆರಳು ಬೆರಳೂ ಒರೆಸಿಕೊಂಡು ಬಂದರು. ನಾನು ಎದ್ದು ಜಾಗ ಬಿಟ್ಟೆ. ಅವರು ಅಂಚಿನ ಮೇಲೆ ಕುಳಿತು ಎರಡೂ ಕಾಲನ್ನು ಕುಣಿಗೆ ಇಳಿಬಿಟ್ಟರು. ಮೊದಲಿನ ಒಂದೆರಡನ್ನು ಗಟ್ಟಿಯಾಗಿ ಅದುಮಿ ಒಡೆದರು. "ಎಳೀ ಹುರಿ ಮಾಡಿಧಂಗ ಮಾಡ್ರಿ, ಹಗೂರಕ" ಎಂದೆ. ಅದು ಅವರಿಗೆ ತಿಳಿಯಿತು. ಉಂಡೆಗಳು ಒಂದರ ಪಕ್ಕ ಒಂದು ದುಂಡಗೆ ಕುಳಿತವು. ನಾನು ಎದುರಿಗೆ ಕುಳಿತು, ಕಡ್ಡಿಯಿಂದ ಎತ್ತಿ ಲೇಪ ಕೊಟ್ಟು ಪುಡಿಯಲ್ಲಿ ಹೊರಳಿಸುತ್ತಿದ್ದೆ. ಬೆಳಕಿನ ಕೋಲು ಗೋಡೆಗೆ ಬಂತು, ನೆಲಕ್ಕೆ ಇಳಿಯಿತು. ಯಾವಾಗಲೋ ಕುಣಿಯೊಳಗೆ ಕಣ್ಣು ಹೋಯಿತು. ಅವರ ಕಾಲು ಅಲ್ಲಾಡುತ್ತಿದ್ದವು. ಎಡಗಾಲು ಕೆಳಗೆ, ಬಲಗಾಲು ಮೇಲೆ, ಆಮೇಲೆ ಬಲಗಾಲು ಕೆಳಗೆ. ತುಳಿಯಲು ಹಲಗೆ ಇರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ, ಉಂಡೆಯ ಮೇಲೆ ಕಣ್ಣಿಟ್ಟು ಕಟ್ಟುತ್ತಲೇ ಇದ್ದರು. ನಾನು ಹೇಳಲಿಲ್ಲ. ಗೋಡೆಗೊರಗಿ ಕುಳಿತವಳಿಗೆ ಮೊದಲಿನ ಹಾಗೆ ತೂಕಡಿಕೆ ಬಂತು.

ಬೆಳಕು ಕುಣಿಯ ಅಂಚಿಗೆ ಬರುವಷ್ಟರಲ್ಲಿ ಮುಂಡರಗಿಯ ಡಬ್ಬಿಗಳು ತುಂಬಿದ್ದವು. ಅಂಗಡಿಗೆ ಅವರು ಅವತ್ತು ಹೋಗಲಿಲ್ಲ. ಮುಂದಿನ ದೀಪಾವಳಿಯ ಹೊತ್ತಿಗೆ ಅಂಗಡಿಯ ಕೆಲಸವನ್ನೇ ಬಿಟ್ಟರು.

ನಾನು ಈಗ ನಿವೃತ್ತಳು. ಮೊಣಕಾಲು ಬಗ್ಗುವುದಿಲ್ಲ, ಕುಣಿಗೆ ಇಳಿದು ಡಬ್ಬಿ ಎತ್ತಲು ಆಗುವುದಿಲ್ಲ. ಅವರು ನಿವೃತ್ತರಾಗಿಲ್ಲ. ಕಲಿಯಲು ಬರುವ ಹುಡುಗಿಯರಿಗೆ ಕೆನೆ, ಹದ, ತುಟಿ ಎಂದು ಬಾಯಲ್ಲಿ ಹೇಳುವವಳು ನಾನು, ಉಂಡೆ ಕಟ್ಟಿ ತೋರಿಸುವವರು ಅವರು. ಹುಡುಗಿಯರು ಅವರ ಕೈಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ. ಕಾಲನ್ನು ನೋಡುವವಳು ನಾನೊಬ್ಬಳೇ.

ಮುಂಜಾನೆಯ ನೀರು ನಿಂತಿಲ್ಲ. ನಾನು ಹಾಸಿಗೆಯಲ್ಲೇ ಇರುತ್ತೇನೆ. ಮಗ್ಗದ ಕೋಣೆಯ ಬಾಗಿಲು ತೆರೆದ ಸದ್ದು, ತಂಬಿಗೆಯ ಸದ್ದು. ಆಮೇಲೆ ಅವರು ಅಲ್ಲಿಂದಲೇ ಕೇಳುತ್ತಾರೆ.

"ಕಮಲಾ, ಮುಚ್ಚಳಾ ಹಾಕೀಯೇನು?"

"ಹಾಕೇನ್ರಿ" ಎನ್ನುತ್ತೇನೆ. ಹಿಂದಿನ ಸಂಜೆ ಅವರು ಡಬ್ಬಿ ಕುಣಿಗೆ ಇಳಿಸುವ ಮುಂಚೆ ಒಂದೊಂದನ್ನೂ ಒತ್ತಿ ನೋಡಿಯೇ ಮಲಗಿರುತ್ತೇನೆ. ಈಗ ನನ್ನ ಕೈಗೆ ಉಳಿದಿರುವ ಕೆಲಸ ಅದೊಂದೇ.